ಗಾಜಿನ ಮೇಲೆ ಉಸಿರು

ಎಪ್ಪತ್ತೆಂಟು, ಎಪ್ಪತ್ತೊಂಬತ್ತು, ಮತ್ತೆ ಎಪ್ಪತ್ತೆಂಟು — ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಬಿಸಿ ತೂಕಡಿಸುವವನ ತಲೆಯ ಹಾಗೆ ಏಳುತ್ತಿದೆ, ಬೀಳುತ್ತಿದೆ, ಏಳಲಿ, ಇಷ್ಟಕ್ಕೆಲ್ಲ ಹೆದರುವ ಜೀವವೇ ತಾನು, ಪಕ್ಕದ ಕೋಣೆಯಲ್ಲಿ ಇಡೀ ಬೀದಿಗೆ ಬ್ರೆಡ್ಡು ಬೇಯಿಸುವ ಓವನ್ನಿದೆ, ಅದರ ಮುಂದೆ ಇದು ಎಳೆಬಿಸಿಲು, ಅಂದುಕೊಂಡಳು ಬೇಕರಿಯ ಅಕ್ಕ — ಬೀದಿಗೆಲ್ಲ ಅವಳು ಅಕ್ಕನೇ, ಅವಳಿಗಿಂತ ಹಿರಿಯರಿಗೂ — ಸ್ಟೂಲಿನ ಮೇಲೆ ಕೂತು ಮೊಣಕೈಗೆ ಅಂಟಿದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತ. ಸಂಜೆ ಆರರೊಳಗೆ ಕಳಿಸದಿದ್ದರೆ ತಂಗಿಯ ಕಾರ್ಟೂನನ್ನು ಅವಳು ಅರ್ಜಿ ಹಾಕಿದ ಚಿತ್ರಶಾಲೆಯವರು ತೆರೆದೂ ನೋಡುವುದಿಲ್ಲ, ಅಂಗಡಿಯಿಂದ ತಪ್ಪಿಸಿಕೊಂಡು ಓಡುವ ಹಿಟ್ಟಿನ ಉಂಡೆಯ ಕಥೆ, ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಿಡಿಸಿದ್ದಾಳೆ ಹುಡುಗಿ, ಇನ್ನು ಈ ಹಳೆಯ ಕಂಪ್ಯೂಟರು ಚಿತ್ರಗಳನ್ನೆಲ್ಲ ಹೊಸೆದು ಒಂದೇ ಸಿನಿಮಾ ಮಾಡಿಕೊಡಬೇಕು, ತನ್ನ ಪಾಡಿಗೆ ಬಿಟ್ಟಿದ್ದರೆ ರಾತ್ರಿಗೆ ಮುಗಿಸುತ್ತಿತ್ತು. ಗುಜರಿಗೆ ಹಾಕಿ ಅಕ್ಕಾ, ವಯಸ್ಸಾಯ್ತು ಇದಕ್ಕೆ, ಅಂದಿದ್ದ ರಿಪೇರಿಯವನು, ನಿನಗೂ ಆಯ್ತಲ್ಲಪ್ಪಾ, ನಿನ್ನನ್ನ ಎಲ್ಲಿಗೆ ಹಾಕೋಣ, ಅಂದು ಬನ್ನು ಕಟ್ಟಿಕೊಟ್ಟು ಕಳಿಸಿದ್ದಳು, ಹಟ ಹುಟ್ಟಿದ್ದೇ ಆಗ. ಹಿಟ್ಟು ಉಬ್ಬುವವರೆಗಿನ ಬಿಡುವಿನಲ್ಲೆಲ್ಲ ಫೋನು ಹಿಡಿದು ವಿಡಿಯೋ ನೋಡಿ ಕಲಿತಳು — ಕಾರ್ಖಾನೆಯವರು ಪ್ರೊಸೆಸರಿಗೆ ಒಂದು ವೇಗ ಕಟ್ಟಿ ಕಳಿಸಿರುತ್ತಾರೆ, ಒಳಗೆ ಇನ್ನೂ ಕಸುವಿರುತ್ತದೆ, ಒಂದೊಂದೇ ಮೆಟ್ಟಿಲು ಏರಿಸಬೇಕು, ಏರಿಸಿ ದುಡಿಸಿ ನೋಡಬೇಕು, ತಡೆಯಿತೋ ಮುಂದಿನ ಮೆಟ್ಟಿಲು, ಪ್ರೊಸೆಸರಿನ ಬಿಸಿ ಹೀರುವ ಪೇಸ್ಟು ಒಣಗಿದ್ದನ್ನು ಕೆರೆದು ಹೊಸದು ಸವರುವಾಗ ತಂಗಿ ಉಸಿರು ಹಿಡಿದಿದ್ದಳು, ಕೇಕಿಗೆ ಕ್ರೀಮು ಸವರಿದ ಕೈ ಕಣೇ ಇದು, ಸುಮ್ನೆ ನೋಡು. ಮೆಮೊರಿ ಮಾತ್ರ ಮುನಿಸಿನ ಜಾತಿ, ಸ್ವಲ್ಪ ಹೆಚ್ಚು ಓಡಿಸಿದರೆ ಎದ್ದೇ ಏಳದು, ಅದನ್ನೂ ಪುಸಲಾಯಿಸಿ ದಾರಿಗೆ ತಂದು, ಅಂಗಡಿಗೆ ರಜೆಯಿದ್ದ ದಿನ ಇಡೀ ಹಗಲು ದುಡಿಸಿ, ತಪ್ಪು ಒಂದೂ ಇಲ್ಲ ಅಂತ ಪರದೆ ಹೇಳಿದಾಗ ಹಾಲಿನವನಿಗೂ ಹೇಳಿದಳು, ಟೈಲರಮ್ಮನಿಗೂ ಹೇಳಿದಳು, ರಿಪೇರಿಯವನನ್ನಂತೂ ಕರೆದು ಕೂರಿಸಿ ಹೇಳಿದಳು.

ಹೇಳಿದ್ದೇ ಬಂತು. ಇವತ್ತು ಬೆಳಿಗ್ಗೆ ಕೆಲಸಕ್ಕೆ ಹಚ್ಚಿ, ಕಂಪ್ಯೂಟರಿನ ಕ್ಯಾಬಿನೆಟ್ಟಿನ ಗಾಜಿನ ಮುಚ್ಚಳವನ್ನು ಒರೆಸಿ ಹೊಳೆಯಿಸಿ ಸ್ಕ್ರೂ ಬಿಗಿದು, ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿ ಆಚೆ ಹೋದವಳಿಗೆ ತಂಗಿಯ ಕೂಗು ಕೇಳಿತು — ಅಕ್ಕಾ, ನೀಲಿ ಆಯ್ತು, ಪೂರ್ತಿ ನೀಲಿ, ಅರ್ಧ ಆಗಿದ್ದೆಲ್ಲ ಹೋಯ್ತು — ಕೈಯಲ್ಲಿದ್ದ ಟ್ರೇ ಬೆಂಚಿಗೆ ಕುಕ್ಕಿ ಓಡಿಬಂದಳು, ನೀಲಿ ಪರದೆ ನೋಡಿದ ಕೂಡಲೇ ಗೊತ್ತಾಯಿತು, ಬಿಸಿ ತಡೆಯದೆ ಕೈಕೊಟ್ಟಿದೆ, ಅಯ್ಯೋ ನನ್ನ ಬುದ್ಧಿಗಿಷ್ಟು, ರಜೆಯ ದಿನ ಹಿಟ್ಟು ಹಾರುತ್ತಿರಲಿಲ್ಲ, ಮುಚ್ಚಳ ತೆಗೆದಿಟ್ಟು ಪಕ್ಕದಲ್ಲಿ ಟೇಬಲ್ ಫ್ಯಾನು ಬೀಸಿಸಿ ಪರೀಕ್ಷೆ ಮಾಡಿದ್ದಳು, ಬಾಗಿಲು ತೆಗೆದ ಓವನ್ನಿನಲ್ಲಿ ಬೆಂದದ್ದು ಬಾಗಿಲು ಹಾಕಿದರೆ ಸೀಯದೇ ಇರುತ್ತದೆಯೇ, ಅಪ್ಪ ಹೇಳಿಕೊಟ್ಟದ್ದು ಅದೊಂದೇ, ಬಾಗಿಲು ಮುಟ್ಟಬೇಡ ಮಗಳೇ, ಒಳಗಿನ ಬಿಸೀನೇ ಲೆಕ್ಕ, ಹೊರಗಿಂದಲ್ಲ — ಅಪ್ಪ ಹಾಗೆನ್ನುವಾಗ ಪುಟ್ಟ ತಂಗಿ ಓವನ್ನಿನ ಗಾಜಿಗೆ ಮೂಗು ಒತ್ತಿ ನಿಂತಿರುತ್ತಿದ್ದಳು, ಒಳಗೆ ಬ್ರೆಡ್ಡು ಉಬ್ಬುತ್ತ, ಹೊರಗೆ ಗಾಜಿನ ಮೇಲೆ ಅವಳ ಉಸಿರಿನ ದುಂಡು ಮಂಜು. ಮುಚ್ಚಳ ತೆಗೆದೇ ಇಟ್ಟುಬಿಡೋಣ ಅಕ್ಕಾ, ಅಂದಳು ತಂಗಿ, ತೆಗೆದಿಟ್ಟು ಫ್ಯಾನು ಹಾಕು, ಸಂಜೆಗೆ ಹಿಟ್ಟೆಲ್ಲ ಒಳಗೆ ಸೇರಿ ನಿನ್ನ ಉಂಡೆ ನಿಜವಾಗಿ ಉಬ್ಬಿ ಎದ್ದುಬರುತ್ತೆ, ಅಂದಳು ಅಕ್ಕ, ಇಬ್ಬರಿಗೂ ನಗು ಬಂತು, ಅಳುವ ಹೊತ್ತಿನಲ್ಲಿ.

ಪ್ರೊಸೆಸರನ್ನು ಒಂದು ಮೆಟ್ಟಿಲು ಇಳಿಸಿದಳು, ಮೆಮೊರಿಯನ್ನೂ ಒಂದು, ಇಳಿಸುವಾಗ ಬೆರಳು ಒಂದು ಕ್ಷಣ ತಡೆಯಿತು, ರಿಪೇರಿಯವನ ಮುಂದೆ ಬಡಾಯಿ ಕೊಚ್ಚಿದ ಅಂಕಿ ಅದು, ಹೋಗಲಿ, ಕಾರ್ಖಾನೆಯವರು ಕಟ್ಟಿದ್ದಕ್ಕಿಂತ ಇನ್ನೂ ಎಷ್ಟೋ ಮೇಲೇ ಇದೆ, ಮುಚ್ಚಳ ಹಾಕಿ, ಬಾಗಿಲು ಮುಚ್ಚಿ, ಹೀಗೆ ಓಡಿದರೆ ತಾನೇ ಓಟ, ಯಾರು ಬಂದು ಕೇಳಿದರೂ ಇದನ್ನೇ ಹೇಳುತ್ತೇನೆ — ಎಪ್ಪತ್ತೊಂಬತ್ತು, ಎಪ್ಪತ್ತೆಂಟು — ಮೊದಲಿನಿಂದ ಶುರುವಾದದ್ದು ಈಗ ಮುಕ್ಕಾಲು ದಾಟಿದೆ, ಕೌಂಟರಿನಲ್ಲಿ ತಂಗಿ ಯಾರಿಗೋ ಬ್ರೆಡ್ಡಿನ ಬದಲು ಬಿಸ್ಕತ್ತು ಕಟ್ಟಿಕೊಟ್ಟು ಬೈಸಿಕೊಳ್ಳುತ್ತಿದ್ದಾಳೆ, ಏನಮ್ಮಾ ಜ್ಞಾನ ಎಲ್ಲಿದೆ, ಒಳಗಿದೆ ಅಜ್ಜಾ, ಬೇಯ್ತಾ ಇದೆ. ಎಷ್ಟಾಯ್ತು ಅಕ್ಕಾ, ಅಲ್ಲಿಂದಲೇ ಕೂಗು, ಆಗುತ್ತೆ ಇರೇ, ಹೊಗೆ ಬಂತಾ, ಬಾಯಿ ಮುಚ್ಚು, ಗೋಡೆಯ ಗಡಿಯಾರದಲ್ಲಿ ಐದೂವರೆ ಆಗಿದ್ದನ್ನು ಅವಳು ನೋಡಲೇ ಇಲ್ಲ, ಇಲ್ಲ, ನೋಡಿದಳು, ನೋಡಿದ್ದನ್ನು ಒಪ್ಪಲಿಲ್ಲ, ಫ್ಯಾನಿನ ಸದ್ದು ಒಂದೇ ಶ್ರುತಿಯಲ್ಲಿದೆ, ಶ್ರುತಿ ತಪ್ಪದಿದ್ದರೆ ಭಯವಿಲ್ಲ, ಭಲೇ ನನ್ನ ಮುದಿಯಾ, ಇನ್ನೊಂಚೂರು, ತಂಗಿ ಯಾವಾಗ ಒಳಗೆ ಬಂದಳೋ, ಪಕ್ಕದಲ್ಲಿ ಅವಳ ಕೈ ಮುಚ್ಚಳದ ಸ್ಕ್ರೂ ಕಡೆಗೆ ಚಾಚಿದ್ದೇ ತಡ ಫಟ್ ಅಂತ ಹೊಡೆದಳು ಅಕ್ಕ, ಬಾಗಿಲು ಮುಟ್ಟಬೇಡ, ತನ್ನ ಬಾಯಲ್ಲಿ ಬಂದದ್ದು ಅಪ್ಪನ ದನಿ — ಮುಗಿಯಿತು, ಪರದೆಯ ಮೇಲಿನ ಹಸಿರು ಗೆರೆ ತುದಿ ಮುಟ್ಟಿತು, ಸಿನಿಮಾದಲ್ಲಿ ಹಿಟ್ಟಿನ ಉಂಡೆ ತಡವರಿಸದೆ ಅಂಗಡಿಯ ಮೆಟ್ಟಿಲಿಳಿದು ಓಡಿತು, ಅಕ್ಕ ಗುಂಡಿ ಒತ್ತಿದಳು, ತಲುಪಿದೆ ಅಂತ ಅಲ್ಲಿಂದ ಉತ್ತರವೂ ಬಂತು, ಆರಕ್ಕೆ ಇನ್ನೂ ಸಮಯವಿತ್ತು, ನೋಡೇ ಇಲ್ಲಿ, ನೋಡೇ, ಅಂದರೆ ತಂಗಿ ಪರದೆಯನ್ನು ನೋಡುತ್ತಲೇ ಇಲ್ಲ, ಕೆಳಗೆ ಮಂಡಿಯೂರಿ ಕ್ಯಾಬಿನೆಟ್ಟಿನ ಗಾಜಿಗೆ ಮೂಗು ಒತ್ತಿ ಕೂತಿದ್ದಾಳೆ, ಇಷ್ಟು ದೊಡ್ಡವಳು, ಒಳಗೆ ತಿರುಗುವ ಫ್ಯಾನು, ಹೊರಗೆ ಗಾಜಿನ ಮೇಲೆ ಅವಳ ಉಸಿರಿನ ಆ ದುಂಡು ಮಂಜು, ಚಿಕ್ಕದಾಗುತ್ತ, ದೊಡ್ಡದಾಗುತ್ತ, ಆ ದುಂಡು ಮಂಜು —