ಜಯದೇವಕ್ಕನ ಎದೆಯ ಚಿತ್ರ

"ಮೊದಲ ಆ ಸಾಲು ಹೊಡದು ಹಾಕು," ಎಂದು ವಿದ್ಯಾವತಿ ಓಡುವ ವ್ಯಾನಿನಲ್ಲೇ ಪ್ರೀತಿಯ ಕೈಯಿಂದ ಹಾಳೆ ಕಿತ್ತುಕೊಂಡರು. ಪೆನ್ನೂ ಕಿತ್ತುಕೊಂಡು ತಾವೇ ಗೀಟೆಳೆದರು. ಗಾಡಿ ಕುಪ್ಪಳಿಸಿ ಗೀಟು ಸೊಟ್ಟಗಾಯಿತು. ಬಿಡಲಿಲ್ಲ, ಇನ್ನೊಂದು ಎಳೆದರು. ಹಿಂದೆ ಅವರ ಗಂಡ, ಎಕ್ಸ್‌ರೇ ಡಾಕ್ಟರ್ ದೇವೀಂದ್ರಪ್ಪ, ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು, ಹೂವಿನ ನಡುವೆ ಕೂತಿದ್ದರು. ಕಲಬುರಗಿಯ ಬ್ರಹ್ಮಪುರದ ಮನೆಯಿಂದ ಕಮಲಾಪುರದ ಹೊಲಕ್ಕೆ ಅವರ ಕೊನೆಯ ಪ್ರಯಾಣ.

"ಅಮ್ಮಾ, ಸರ್ ಬರದ ಮೂವತ್ತೆಂಟು ಲೇಖನದಾಗ ಅದೇ ದೊಡ್ಡದರೀ," ಎಂದಳು ಪ್ರೀತಿ. ಎಕ್ಸ್‌ರೇ ಚಿತ್ರಗಳನ್ನು ಕಂಪ್ಯೂಟರಿನಿಂದ ಓದಿಸುವ ಸಂಶೋಧನೆಯಲ್ಲಿ ಅವಳು ದೇವೀಂದ್ರಪ್ಪನವರ ಶಿಷ್ಯೆ. ಗುರುಗಳ ಸಾಧನೆಯನ್ನು ಸಮಾಧಿಯ ಮುಂದೆ ಓದುವವಳೂ ಅವಳೇ. "ಉಳಿದದ್ದೆಲ್ಲಾ ಕೂಡಿಸಿದ್ರೂ ಅರವತ್ತು ಉಲ್ಲೇಖ ಆಗಂಗಿಲ್ಲ. ಇದೊಂದನ್ನೇ ನಾಕನೂರಾ ಹನ್ನೆರಡು ಲೇಖನದಾಗ ಹೆಸರಿಸ್ಯಾರ!"

"ಹೆಸರಿಸ್ಲಿ. ಅದು ಅವರ ತಪ್ಪಿನ ಲೇಖನ. ಗಟ್ಟಿಮುಟ್ಟ ಇದ್ದಾಕಿಗಿ ಎದ್ಯಾಗ ಗಡ್ಡಿ ಅದ ಅಂದಿದ್ರು ಅಂತ ಆಕಿ ಊರಾಗೇ ಓದ್ತೀ ಏನು? ಮಣ್ಣು ಕೊಡಾಗ ಮಂದಿ ಅವರನ್ನ ನೋಡಿ ನಗಬಾರದು. ಅಷ್ಟೇ ನಾ ಕೇಳೋದು."

*

ಹದಿನಾಲ್ಕು ವರ್ಷದ ಹಿಂದಿನ ಮಾತು. ಕಮಲಾಪುರದ ಜಯದೇವಕ್ಕನ ಎಕ್ಸ್‌ರೇಯಲ್ಲಿ ದುಂಡಗೆ ಏನೋ ಕಂಡು ದೇವೀಂದ್ರಪ್ಪನವರ ಕಂಪ್ಯೂಟರು "ಗಡ್ಡೆ" ಅಂದಿತು. ಇವರೂ ಚಿತ್ರವನ್ನು ಕಣ್ಣಿಟ್ಟು ನೋಡದೆ ಹೌದು ಅಂದುಬಿಟ್ಟರು. ಯಾಕೆ ನೋಡಬೇಕು, ತಾವೇ ಕಲಿಸಿ ಬೆಳೆಸಿದ ಯಂತ್ರವಲ್ಲವೇ! ಜಯದೇವಕ್ಕ ಊರಿಗೆ ಹೋಗಿ ತಮ್ಮ ಸೀರೆಗಳನ್ನೆಲ್ಲ ಸೊಸೆಯರಿಗೆ ಹಂಚಿಬಿಟ್ಟರು. ವಾರದ ಮೇಲೆ ಇನ್ನೊಂದು ಚಿತ್ರ ತೆಗೆದರೆ ಗಡ್ಡೆ ನಾಲ್ಕು ಬೆರಳು ಕೆಳಗಿಳಿದಿತ್ತು.

"ಯಕ್ಕಾ, ಎದಿಮ್ಯಾಲ ಏನರ ಅದ ಏನ್ರೀ?" ಎಂದು ಕೇಳಿದರು ದೇವೀಂದ್ರಪ್ಪ.

ಜಯದೇವಕ್ಕ ಕುಪ್ಪಸದೊಳಗಿಂದ ಇಷ್ಟಲಿಂಗದ ಬೆಳ್ಳಿ ಕರಡಿಗೆ ಹೊರಗೆಳೆದರು. "ಒಡವಿ ತೆಗೀರಿ ಅಂದ್ರಿ, ತೆಗದೀನಿ. ಲಿಂಗ ಒಡವಿ ಏನ್ರೀ?"

ದೇವೀಂದ್ರಪ್ಪ ತಮ್ಮ ಅಂಗಿಯ ಮೇಲೆ ಕೈಯಿಟ್ಟುಕೊಂಡರು. ಅಲ್ಲೂ ಅಂಥದ್ದೇ ಒಂದು ಕರಡಿಗೆ! ಕೊರಳಿಂದ ತೆಗೆಸದೆ, ಎಡಗೈಯಲ್ಲಿ ಎತ್ತಿ ಹಿಡಿಸಿ ಮೂರನೇ ಚಿತ್ರ ತೆಗೆದರು. "ಎದಿ ಸಾಫ್ ಅದರೀ," ಎಂದು ಕೈಮುಗಿದರು. ಆಮೇಲೆ ತಪ್ಪನ್ನು ಮುಚ್ಚಿಡದೆ ನಾಲ್ಕು ಪುಟ ಬರೆದು ಅಚ್ಚಿಗೆ ಕಳಿಸಿದರು. ಶಿಲುಬೆ ಹಾಕಿಕೊಳ್ಳುವವರ ದೇಶದಿಂದ, ತಾಯತ ಕಟ್ಟಿಕೊಳ್ಳುವವರ ದೇಶದಿಂದ ಸಂಶೋಧಕರು ಅದನ್ನು ಉಲ್ಲೇಖಿಸತೊಡಗಿದರು. ಕಲಬುರಗಿಯ ಸಹೋದ್ಯೋಗಿಗಳು ಮಾತ್ರ ಮದುವೆ ಮುಂಜಿಯಲ್ಲಿ ಸಿಕ್ಕಾಗೆಲ್ಲ "ಏನ್ ಡಾಕ್ಟರ್ ಸಾಹೇಬ್ರ, ಲಿಂಗಕ್ಕ ಆಪರೇಷನ್ ಯಾವಾಗ?" ಎನ್ನುತ್ತಿದ್ದರು. ದೇವೀಂದ್ರಪ್ಪ ನಗುತ್ತಿದ್ದರು. ವಿದ್ಯಾವತಿಗೆ ಮೈಯೆಲ್ಲ ಉರಿಯುತ್ತಿತ್ತು.

*

ಬಾಳೆತೋಟದ ಬದಿಯಲ್ಲಿ ಗುಣಿ ತೋಡಿತ್ತು. ಪ್ರೀತಿ ಸಾಧನೆಗಳನ್ನು ಓದಿ, ಗೀಟು ಹಾಕಿದ ಸಾಲನ್ನು ದಾಟಿ ಹಾಳೆ ಮಡಚಿದಳು.

"ನಂದೆಲ್ಲಿ ಅದ?"

ಕೋಲೂರಿಕೊಂಡು ಮುಂದೆ ಬಂದವರು ಜಯದೇವಕ್ಕ.

"ನಂದು ನಾಕನೂರಾ ಹನ್ನೆರಡು! ವರ್ಷಾ ಯುಗಾದಿಗಿ ಮನಿಗಿ ಬಂದು, 'ಯಕ್ಕಾ, ನಿನ್ನ ಫೋಟೋದಿಂದ ಈ ಸಲ ಇಷ್ಟ ಮಂದಿ ಪಾಠ ಕಲ್ತಾರ' ಅಂತ ಹೇಳಿ ಹೋಗ್ತಿದ್ರು. ಅದನ್ನ ಯಾರ ನುಂಗಿದ್ರು?"

"ಯುಗಾದಿಗೇನ್ರೀ? ಕೆಂಪ ಬಾಳಿಹಣ್ಣ ತರ್ತೀನಿ ಅಂತ ನಂಗ ಹೇಳಿ ಬರ್ತಿದ್ರು," ಎಂದರು ವಿದ್ಯಾವತಿ.

"ಆ ಹಣ್ಣು ಕೊಡಾಕಿ ನಾನೇ, ತಂಗಿ. ನಂಗ ಅವರ ಮ್ಯಾಲ ಸಿಟ್ಟಿಲ್ಲ. ಸೊಸ್ತ್ಯಾರು ಸೀರಿ ತಿರುಗಿ ಕೊಡಲಿಲ್ಲ ನೋಡು, ಅದೊಂದೇ ಸಂಕಟ!"

ಜನ ಗೊಳ್ಳೆಂದು ನಕ್ಕರು. ಈ ನಗುವಿಗೇ ಹೆದರಿ ಬಂದಿದ್ದ ವಿದ್ಯಾವತಿಗೆ ತಮ್ಮ ನಗುವನ್ನೇ ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, ಪ್ರೀತಿಯ ಕೈಯಿಂದ ಹಾಳೆ ಇಸಿದುಕೊಂಡು, ತಾವೇ ಎಳೆದ ಎರಡು ಗೀಟುಗಳ ಅಡಿಯಿಂದ ಆ ಸಾಲನ್ನು ಹುಡುಕಿ, ಕೊನೆಯಲ್ಲಿ ನಿಂತವರಿಗೂ ಕೇಳುವಂತೆ ಓದಿದರು.

ಆಮೇಲೆ ದೇವೀಂದ್ರಪ್ಪನವರನ್ನು ಗುಣಿಯೊಳಗಿನ ಗೂಡಿನಲ್ಲಿ ಕೂರಿಸಿದರು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಕೊರಳ ಕರಡಿಗೆ ಬಿಚ್ಚಿ, ಲಿಂಗವನ್ನು ಅವರ ಎಡ ಅಂಗೈಯಲ್ಲಿಟ್ಟರು. ಜಯದೇವಕ್ಕ ವಿದ್ಯಾವತಿಯ ಭುಜ ಹಿಡಿದು ಬಗ್ಗಿ ನೋಡಿದರು.

"ಹಾಂ, ಹಿಂಗೇ ಹಿಡೀಬೇಕು," ಎಂದರು. "ಎದಿ ಸಾಫ್ ಅದರೀ, ಸಾಹೇಬ್ರ."

ವಿದ್ಯಾವತಿಯೂ ಬಗ್ಗಿದರು. ಗಂಡನ ಬರಿಯ ಎದೆಯ ಮೇಲೆ ಮೂರು ಬೆರಳಿನ ವಿಭೂತಿ ಬಿಟ್ಟರೆ ಬೇರೇನೂ ಇರಲಿಲ್ಲ.