ಬೂಫರ್ ಡಬ್ಬಿಯ ಸಂದು

ಬೆನ್ನಿಗೆ ಬಿಸಿಲು, ಮೊಣಕಾಲಿಗೆ ಸುಮೋ ಗಾಡಿಯ ತಗಡು ಸುಡುತ್ತಿದೆ, ಇದೇ ರಿಪೇರಿಗೆ ಇದು ಮೂರನೇ ಸಲ, ಕಲಬುರಗಿಯಿಂದ ಕಮಲಾಪುರದ ತನಕ ಬಸ್ಸಿನಲ್ಲಿ ನಿಂತೇ ಬಂದೆ, ಸೊಂಟ ಹಿಡಿದುಕೊಂಡಿದೆ — ಮರೆಪ್ಪಣ್ಣ, ಇನ್ನೂ ಬರಾಕತ್ತದ ನೋಡ್ರಿ, ಬೂಫರ್ ಗುದ್ದಿದಾಗೊಮ್ಮೆ ಸುಯ್ ಸುಯ್ ಅಂತದ, ಒಳಗ ಹಾವು ಕುಂತಂಗ, ಸಲಾವುದ್ದೀನ್ ಹೇಳುತ್ತಾನೆ, ಗಾಡಿ ಅವನದು, ದಿನಕ್ಕೆ ನಾಲ್ಕು ಟ್ರಿಪ್ಪು, ಹಾಡಿಗೆ ಗುದ್ದು ಕೊಡುವ ದೊಡ್ಡ ಸ್ಪೀಕರು ಈ ಬೂಫರ್, ಅದರ ಡಬ್ಬಿ ನಾನು ಮಾಡಿಕೊಟ್ಟದ್ದು, ಪ್ಲೈವುಡ್ಡು ನಾನೇ ಕೊಯ್ದದ್ದು, ಮೊದಲ ಸಲ ವೈರು ಬದಲಿಸಿದೆ, ಪ್ಲಸ್ಸು ಮೈನಸ್ಸು ತಿರುವಿ ನೋಡಿದೆ, ಎರಡನೇ ಸಲ ಬೂಫರನ್ನೇ ಬಿಚ್ಚಿ ಬೇರೆ ಕೂಡಿಸಿದೆ, ಹೋಯ್ತಲ್ಲ ಅಂದೆ, ಹೋಗಿಲ್ಲಣ್ಣ ಅಂದ, ನನಗೆ ಕೇಳಿಸಿದ್ದು ಬರೀ ಗುದ್ದು, ಎದೆಗೆ ಬಡಿಯುವ ಗುದ್ದು, ಅದೊಂದು ಇನ್ನೂ ನೆಟ್ಟಗೆ ಕೇಳಿಸುತ್ತದೆ, ತೆಳು ಸದ್ದುಗಳು ಒಂದೊಂದೇ ಹೋದವು, ಮೊದಲು ಕುಕ್ಕರಿನ ಸೀಟಿ, ಆಮೇಲೆ ಗುಬ್ಬಿ, ಆಮೇಲೆ ಮಾತಿನೊಳಗಿನ ಸ, ಈಗ ಸಲಾವುದ್ದೀನ್ ಅಂದರೆ ಲಾವುದ್ದೀನ್ ಅಂತ ಬಂದು ಮುಟ್ಟುತ್ತದೆ — ನಂದೂರಿನ ಬೇಳೆ ಮಿಲ್ಲಿನಲ್ಲಿ ಹನ್ನೊಂದು ವರ್ಷ, ತೊಗರಿ ಒಡೆಯುವ ಮಷೀನಿನ ಪಕ್ಕ, ಊಟದ ಹೊತ್ತಿಗೆ ಅದು ನಿಂತರೆ ಕಿವಿಯೊಳಗೆ ಇನ್ನೊಂದು ಸುರುವಾಗುತ್ತಿತ್ತು, ಬಿಟ್ಟು ಬಂದು ಟೇಪ್‌ರಿಕಾರ್ಡರ್ ರಿಪೇರಿ ಕಲಿತೆ, ಆಮೇಲೆ ಗಾಡಿಗಳ ಬೂಫರ್, ಇದಾದರೂ ಕೇಳಿಸುತ್ತದಲ್ಲ ಅಂತ, ಯಾರಿಗೂ ಹೇಳಲಿಲ್ಲ, ಹೆಂಡತಿ ಅಮೃತಾಗೂ, ಅಡುಗೆಮನೆಯಿಂದ ಕೂಗಿ ಕೂಗಿ ಸಾಕಾಗಿ ಬಾಗಿಲಿಗೆ ಬಂದು ನಿಲ್ಲುತ್ತಾಳೆ, ಕರೆದ್ರ ಓ ಅನ್ನಾಕೂ ಭಾರ ಆಗೇದೇನ್ರಿ ನಿಮಗ, ಸೊಕ್ಕಿನವ ಅಂದುಕೊಂಡಿದ್ದಾಳೆ, ಅಂದುಕೊಳ್ಳಲಿ, ಕಿವುಡ ಅಂದುಕೊಳ್ಳುವುದಕ್ಕಿಂತ —

ಹಾಡು ಹಾಕಿಸಿ ಊದಿನಕಡ್ಡಿ ಹಚ್ಚಿದ್ದೇನೆ, ಕಿವಿ ಹೇಳದಿದ್ದರೆ ಹೊಗೆ ಹೇಳಲಿ, ಡಬ್ಬಿಯ ಅಂಚಿಗೆ ಹಿಡಿದು ಮೆಲ್ಲಗೆ ಸರಿಸುತ್ತೇನೆ, ಹೊಗೆ ನೆಟ್ಟಗೆ ಏರುತ್ತದೆ, ನೆಟ್ಟಗೆ, ಹಿಂದಿನ ಕೆಳಮೂಲೆಯಲ್ಲಿ ಚಕ್ಕನೆ ಮುರಿಯಿತು, ಗುದ್ದಿಗೊಮ್ಮೆ ಮುರಿಯುತ್ತಿದೆ, ಉಗುರು ಹೋಗುವಷ್ಟು ಸಂದು, ಗಾಳಿ ಅಲ್ಲಿಂದ ನುಗ್ಗುತ್ತಿದೆ, ಅಲ್ಲಿ ಅಂಟೇ ಇಲ್ಲ, ಡಬ್ಬಿ ಕೂಡಿಸಿದ ದಿನ ಹಚ್ಚಲು ಮರೆತೆ, ಬಾರಿಸಿ ನೋಡಿದಾಗ ಗೊತ್ತಾಗಬೇಕಿತ್ತು, ಗೊತ್ತಾಗಲಿಲ್ಲ — ಸಲಾವುದ್ದೀನ್ ಬಗ್ಗಿ ನೋಡಿದ, ಯಾ ಅಲ್ಲಾ, ನಾನೇ ಕೆಡಿಸೀನೇನಣ್ಣ, ಇದರ ಮ್ಯಾಲೇ ಬಾಳಿಗೊನಿ ಹೇರ್ತೀನಿ, ಹೂಂ ಅಂದುಬಿಟ್ಟೆ, ಎಷ್ಟು ಸಲೀಸಾಗಿ ಬಂತು ಆ ಹೂಂ, ಮಾಫ್ ಮಾಡ್ರಿ, ಮೂರ್ ಮೂರ್ ಸಲ ತ್ರಾಸ್ ಕೊಟ್ಟೆ, ಓಡಿಹೋಗಿ ಚಹಾ ತಂದ, ಅಂಟು ಹಚ್ಚಿ ಸ್ಕ್ರೂ ಬಿಗಿದೆ, ಒಣಗಲು ಅರ್ಧ ತಾಸು, ಲೋಟ ಹಿಡಿದು ಗಾಡಿಗಳನ್ನು ಎಣಿಸಿದೆ, ಈ ಸ್ಟ್ಯಾಂಡಿನಲ್ಲಿ ಹನ್ನೆರಡು ಗಾಡಿ, ಒಬ್ಬನಿಗೆ ಗೊತ್ತಾದರೆ ಹನ್ನೆರಡಕ್ಕೂ ಗೊತ್ತಾಗುತ್ತದೆ, ಕಿವುಡನ ಕೈಗೆ ಯಾರು ಬೂಫರ್ ಕೊಡುತ್ತಾರೆ, ಆದರೂ ಸಾಕಾಗಿದೆ, ಕೇಳಿಸಿದವನಂತೆ ತಲೆ ಆಡಿಸಿ ಆಡಿಸಿ ಕುತ್ತಿಗೆ ಸೋತಿದೆ — ಗೊನಿದಲ್ಲ ಭಾಯ್, ತಪ್ಪು ನಂದು, ಅಲ್ಲಿ ಅಂಟು ಹಚ್ಚೇ ಇಲ್ಲ ನಾ, ಆ ಸುಯ್ ಅನ್ನೂದು ನನಗ ಕೇಳಂಗಿಲ್ಲ, ಮೊದಲ್ನೇ ದಿನಾನೂ ಕೇಳಿಲ್ಲ, ಅವನು ಲೋಟ ಕೆಳಗಿಟ್ಟ, ಹತ್ತಿರ ಬಂದು ಜೋರಾಗಿ ಕೇಳಿದ, ಮನ್ಯಾಗ ಗೊತ್ತದೇನು, ಇಲ್ಲ ಅಂದೆ, ಅವನು ಸೀಟಿಗೆ ಹತ್ತಿ ಗಾಜು ಏರಿಸಿ ಸಿಡಿ ಹಾಕಿದ, ಗುದ್ದು ಅಂಗಾಲಿಗೆ ಬಂತು, ಸ್ವಚ್ಛವಾಗಿದೆಯೋ ಇಲ್ಲವೋ ಅವನ ಮುಖ ನೋಡಿಯೇ ತಿಳಿಯಬೇಕು, ಕಣ್ಣು ಮುಚ್ಚಿದ್ದಾನೆ, ತಲೆ ಆಡಿಸಿದ, ಹೋಗಿದೆ, ಸುಯ್ ಹೋಗಿದೆ, ಈಗ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಾನೆ, ಏನೋ ಹೇಳಿದ, ನಗೆಯಿಲ್ಲ, ಸಿಟ್ಟೂ ಇಲ್ಲ, ನನ್ನ ಉತ್ತರಕ್ಕೆ ಕಾದ, ಅದನ್ನೇ ಇನ್ನೊಮ್ಮೆ ಹೇಳಿದ, ಮನ್ಯಾಗ ಹೇಳ್ರಿ ಅಂದನೋ, ಮತ್ತ ಬರಬ್ಯಾಡ್ರಿ ಅಂದನೋ, ಗಾಜಿನ ಹಿಂದೆ ತುಟಿಗಳು, ಕೂಡಿದವು, ಬಿಟ್ಟವು, ಮತ್ತೆ ಕೂಡಿದವು, ತುಟಿಗಳು —