ರಾಯರ ಶ್ರುತಿ

ಮಾಧವರಾಯರಿಗೆ ಮೇಲಿನ ಷಡ್ಜ ಎಟುಕದೆ ವರ್ಷಗಳಾಗಿದ್ದವು. ವಡೋದರೆಯಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಅವರ ಬೆನ್ನ ಹಿಂದೆ ಕಮಲಾಕ್ಷಿ ಕೂರುತ್ತಿದ್ದಳು. ದನಿ ಒಡೆಯುವ ಮುಂಚೆ ರಾಯರ ಎಡಗೈ ಮೆಲ್ಲಗೆ ಹಿಂದಕ್ಕೆ ಚಾಚುತ್ತಿತ್ತು. ತಂಬೂರಿ ಮೀಟುತ್ತಿದ್ದ ಇವಳು ತಕ್ಷಣ ಆ ಸ್ವರ ಹಿಡಿಯುತ್ತಿದ್ದಳು. ಚಪ್ಪಾಳೆ ರಾಯರಿಗೆ. ಗುರು ಕೈ ಚಾಚದೆ ಶಿಷ್ಯೆ ಬಾಯಿ ತೆರೆಯುವಂತಿಲ್ಲ, ಅದು ಪದ್ಧತಿ.

ರಾಯರು ಧಾರವಾಡದವರು, ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ಗಾಯನ ಕಲಿಸುತ್ತಿದ್ದರು. ನಾನು ಅಲ್ಲೇ ಸಿತಾರ್ ಕಲಿಯುತ್ತಿದ್ದೆ, ಕಮಲಾಕ್ಷಿಯ ಗೆಳತಿ. ಅವಳಪ್ಪ ಸುಬ್ರಹ್ಮಣ್ಯ ಐತಾಳರದು ಫತೇಗಂಜಿನಲ್ಲಿ ಹೋಟೆಲು. ಪರವೂರಿನಲ್ಲಿ ಕನ್ನಡದ ಗುರು ಸಿಕ್ಕರೆಂದು ಐತಾಳರಿಗೆ ಸ್ವರ್ಗ ಮೂರೇ ಗೇಣು. ದಿನಾ ಬೆಳಿಗ್ಗೆ ರಾಯರ ಮನೆಗೆ ಇಡ್ಲಿಯ ಡಬ್ಬಿ ಹೋಗುತ್ತಿತ್ತು. ಆ ಇಡ್ಲಿ ಅವರ ಗಂಟಲಲ್ಲಿ ಯಾಕೆ ಸಿಕ್ಕಿಕೊಳ್ಳಲಿಲ್ಲವೋ ಎಂದು ನನಗೆ ಇವತ್ತಿಗೂ ಸಿಟ್ಟು.

"ಡಿಪ್ಲೊಮಾ ಮುಗಿಯೋ ವರ್ಷ ನಿನಗ ಅರ್ಧ ತಾಸು ಕೊಡ್ತೀನವಾ. ನೀ ಒಬ್ಬಾಕಿನ ಹಾಡು," ಎಂದು ರಾಯರು ಮಾತು ಕೊಟ್ಟಿದ್ದರು. ಆ ಅರ್ಧ ತಾಸಿಗಾಗಿ ಕಮಲಾಕ್ಷಿ ಇಷ್ಟು ವರ್ಷ ಒಬ್ಬರ ಬೆನ್ನು ನೋಡಿಕೊಂಡು ಹಾಡಿದ್ದಳು.

ಅರವತ್ತನಾಲ್ಕನೇ ಇಸವಿಯ ಚಳಿಗಾಲದಲ್ಲಿ ಆ ಸಂಜೆ ಬಂತು. ಅದಕ್ಕೆ ಸ್ವಲ್ಪ ಮುಂಚೆ, ಒಂದು ಕಛೇರಿ ಮುಗಿದ ಮೇಲೆ ಯಾರೋ ಸೇಠರು ರಾಯರೆದುರೇ, "ಹಿಂದೆ ಕೂತ ಹುಡುಗಿಯೇ ಚೆನ್ನಾಗಿ ಹಾಡಿದಳು," ಎಂದುಬಿಟ್ಟಿದ್ದರು. ರಾಯರು ನಕ್ಕಿದ್ದರು. ಆ ನಗು ನನಗೆ ಹಿಡಿಸಿರಲಿಲ್ಲ.

ಐತಾಳರು ಹೋಟೆಲು ಮುಚ್ಚಿ, ಅಡುಗೆಯವರು ಸಪ್ಲೈಯರುಗಳ ಸಮೇತ ಮುಂದಿನ ಸಾಲಿನಲ್ಲಿ ಕೂತರು. ಕಮಲಾಕ್ಷಿ ತಂಬೂರಿಯನ್ನು ತನ್ನ ಶ್ರುತಿಗೆ, ಹೆಂಗಸರ ಎತ್ತರದ ಶ್ರುತಿಗೆ ಸೇರಿಸಿಕೊಂಡು ವೇದಿಕೆಗೆ ಬಂದಳು. ಹಿಂದೆಯೇ ರಾಯರು ಹತ್ತಿದರು.

"ತಾ ಇಲ್ಲೆ, ನಾ ಶ್ರುತಿ ಕೂಡಿಸಿ ಕೊಡ್ತೀನಿ."

ಗುರುವಿನ ವಾತ್ಸಲ್ಯ ಕಂಡು ಸಭೆ ಕರಗಿತು. ರಾಯರು ಬಿರಡೆ ತಿರುವಿ ತಂತಿಗಳನ್ನು ಇಳಿಸಿದರು, ಇನ್ನೂ ಇಳಿಸಿದರು, ತಮ್ಮದೇ ಶ್ರುತಿಗೆ ತಂದು ನಿಲ್ಲಿಸಿದರು. ಗಂಡಸಿನ ತಗ್ಗಿನ ಶ್ರುತಿ. ಗುರು ಕೈಯಾರೆ ಕೂಡಿಸಿದ ತಂಬೂರಿಯ ಬಿರಡೆಯನ್ನು ಶಿಷ್ಯರು ಮುಟ್ಟುವಂತಿಲ್ಲ. ಅದೂ ಪದ್ಧತಿಯೇ. ಇಂಥ ಪದ್ಧತಿಗೆ ಬೆಂಕಿ ಬೀಳಲಿ.

ಅವಳು ಮುಟ್ಟಲಿಲ್ಲ. ಆಲಾಪ ಶುರುಮಾಡಿದಳು. ಕೆಳಗಿನ ಸ್ವರಗಳು ಗಂಟಲಿಗೆ ಸಿಗದೆ ಬರೀ ಉಸಿರು ಬಂತು.

"ಸಂಭಳಾತುಂ ನಥಿ!" ಹಿಂದಿನಿಂದ ಯಾರೋ ಕೂಗಿದರು. ಕೇಳಿಸುತ್ತಿಲ್ಲವಂತೆ. ಜನ ನಕ್ಕರು. ಅವಳು ಗಾಬರಿಯಾಗಿ ಒಂದು ಸ್ಥಾಯಿ ಮೇಲಕ್ಕೆ ಹಾರಿದಳು. ಅದು ಅತಿ ಎತ್ತರವಾಗಿ ದನಿ ಕಿರುಚಿತು. ತಂಬೂರಿ ಮಲಗಿಸಿ ಎದ್ದಳು.

ರಾಯರು ಮೈಕಿನ ಮುಂದೆ ನಿಂತು, ಬೆಲ್ಲದಂಥ ಹಿಂದಿಯಲ್ಲಿ, "ಮಗುವಿನ ಗಂಟಲು ಇನ್ನೂ ಹಣ್ಣಾಗಬೇಕು, ಕ್ಷಮಿಸಿ," ಎಂದರು. ಅದಕ್ಕೂ ಚಪ್ಪಾಳೆ ಬಿತ್ತು.

ಐತಾಳರು ಓಡಿಹೋಗಿ ಕೈಮುಗಿದರು. "ಅವಳದ್ದೇ ತಪ್ಪು ಗುರುಗಳೇ. ನಿಮ್ಮ ಮರ್ಯಾದೆ ತೆಗೆದ್ಲು. ನೀವು ಬೇಜಾರು ಮಾಡ್ಬೇಡಿ."

ಮರುದಿನ ಇಡ್ಲಿಯ ಜೊತೆ ಹಲ್ವವೂ ಹೋಯಿತು.

"ನೀನೇ ಬಿರಡೆ ತಿರುಗಿಸ್ಬೇಕಿತ್ತು," ಎಂದು ನಾನು ರೇಗಿದೆ. "ಗುರುಗಳು ಕೂಡಿಸಿದ್ದಲ್ವಾ ಮಾರಾಯ್ತಿ," ಎಂದಳು. ಅಳಲಿಲ್ಲ.

ಹೋಳಿ ಹಬ್ಬಕ್ಕೆ ಮುಂಚೆ ಸೂರತ್ತಿನಲ್ಲಿ ಸಂಗೀತ ಸಮ್ಮೇಳನ, ನಾನೂ ಹೋಗಿದ್ದೆ. ರಾಯರ ಹಿಂದೆ ಮತ್ತೆ ಕಮಲಾಕ್ಷಿಯೇ. ಮುಂದೆ ದೊಡ್ಡ ದೊಡ್ಡ ವಿದ್ವಾಂಸರು. ರಾಯರು ಮೇಲಿನ ಷಡ್ಜಕ್ಕೆ ಏರಿದರು, ಎಡಗೈ ಹಿಂದಕ್ಕೆ ಬಂತು. ತಂಬೂರಿ ಮಾತ್ರ ನುಡಿಯಿತು. ರಾಯರ ದನಿ ಸೀಳಿ ನಿಂತುಹೋಯಿತು. ಕೈ ಮತ್ತೆ ಚಾಚಿತು. ಕಮಲಾಕ್ಷಿ ತಲೆ ತಗ್ಗಿಸಿ ಮೀಟುತ್ತಲೇ ಇದ್ದಳು. ಹಿರಿಯ ವಿದ್ವಾಂಸರೊಬ್ಬರು ಶಾಲು ಹೊದ್ದು ಎದ್ದುಹೋದರು. ನನಗೆ ಹೊಟ್ಟೆ ತಣ್ಣಗಾಯಿತು.

ವೇದಿಕೆಯಿಂದ ಒಳಗೆ ಬಂದ ರಾಯರ ಮುಖ ಬೂದಿಯಾಗಿತ್ತು. "ಯಾಕ ಹಾಡಲಿಲ್ಲ? ಕೈ ಕಾಣಲಿಲ್ಲೇನ?"

"ಕಂಡಿತು ಗುರುಗಳೇ. ಗಂಟಲು ಇನ್ನೂ ಹಣ್ಣಾಗ್ಲಿಲ್ಲ."

ಎಲ್ಲರೂ ನೋಡುತ್ತಿದ್ದಂತೆ ಬಗ್ಗಿ ಅವರ ಕಾಲು ಮುಟ್ಟಿದಳು. ಗುರು ಆಶೀರ್ವದಿಸದೆ ಶಿಷ್ಯೆ ಏಳುವಂತಿಲ್ಲ. ರಾಯರು ಆಶೀರ್ವದಿಸುವವರೆಗೂ ಅವಳು ಏಳಲಿಲ್ಲ.